ರೌಲೆಟ್ಸ್ ಸ್ಟೇಷನ್ನಿನ ಚೌಕ

17 ಡಿಸೆಂಬರ್ 2024, ಮಂಗಳವಾರ

1861ರ ಡಿಸೆಂಬರ್ 17 ಕೂಡ ಮಂಗಳವಾರವೇ. ಅಮೆರಿಕದ ಅಂತರ್ಯುದ್ಧದ ಮೊದಲ ಚಳಿಗಾಲ. ಕೆಂಟಕಿಯ ಮನ್ಫರ್ಡ್‌ವಿಲ್ ಹತ್ತಿರದ ರೌಲೆಟ್ಸ್ ಸ್ಟೇಷನ್ನಿನಲ್ಲಿ, ಗ್ರೀನ್ ನದಿಯ ದಕ್ಷಿಣ ದಡದಲ್ಲಿ, ಉತ್ತರದ ಸೇನೆಯ ಇಂಡಿಯಾನಾ 32ನೇ ಪದಾತಿ ರೆಜಿಮೆಂಟಿನ ಮೇಲೆ ದಕ್ಷಿಣದ ಟೆಕ್ಸಸ್ ರೇಂಜರ್‌ಗಳು ಕುದುರೆ ನುಗ್ಗಿಸಿದರು. ದಕ್ಷಿಣದವರು ಕೆಡವಿದ್ದ ರೈಲು ಸೇತುವೆಯ ಕಾವಲಿಗೆ ಇದ್ದ ರೆಜಿಮೆಂಟು ಅದು. ತುಂಬ ಜರ್ಮನ್ ವಲಸಿಗರೇ. ಕವಾಯತಿನ ಆಜ್ಞೆಗಳೂ ಜರ್ಮನ್ನಿನಲ್ಲೇ.

ರೆಜಿಮೆಂಟಿನ ಕರ್ನಲ್ ಆಗಸ್ಟ್ ವಿಲಿಚ್ ಹಿಂದೆ ಪ್ರಷ್ಯಾದ ಸೇನಾಧಿಕಾರಿ. ಜರ್ಮನಿಯ 1849ರ ಬಾಡೆನ್ ದಂಗೆಯಲ್ಲಿ ಮಾರ್ಕ್ಸ್‌ನ ಒಡನಾಡಿ ಫ್ರೆಡ್ರಿಕ್ ಎಂಗೆಲ್ಸ್ ಇವನ ಸಹಾಯಕನಾಗಿದ್ದ. ದಂಗೆ ಸೋತು, ದೇಶ ಬಿಟ್ಟು, ಅಮೆರಿಕದಲ್ಲಿ ಬಡಗಿ ಕೆಲಸ ಮಾಡಿ, ಆಮೇಲೆ ಸಿನ್ಸಿನಾಟಿಯಲ್ಲಿ ಜರ್ಮನ್ ಪತ್ರಿಕೆಯ ಸಂಪಾದಕನಾದ. ಕದನ ಶುರುವಾದಾಗ ಅವನು ಸ್ಥಳದಲ್ಲಿರಲಿಲ್ಲ, ಲೆಫ್ಟಿನೆಂಟ್ ಕರ್ನಲ್ ಫಾನ್ ಟ್ರೆಬ್ರಾ ನಡೆಸಿದ. ಕರ್ನಲ್ ಇಲ್ಲದೆಯೂ ಸಾಲು ಕೆಡಲಿಲ್ಲ ಎಂಬುದೇ ಆ ಕವಾಯತಿಗೆ ಸಿಕ್ಕ ಪ್ರಮಾಣಪತ್ರ.

ಮುಂಚೂಣಿಯವರು ಒತ್ತಾಗಿ ನಿಲ್ಲುವುದಿಲ್ಲ. ನಾಲ್ಕು ನಾಲ್ಕು ಜನರ ಗುಂಪು, ಮನುಷ್ಯನಿಂದ ಮನುಷ್ಯನಿಗೆ ಸುಮಾರು ಐದು ಹೆಜ್ಜೆ ಅಂತರ. ಗುಂಡು ತಪ್ಪಿಸಿಕೊಳ್ಳಲು ಇದು ಚೆನ್ನ, ಕುದುರೆ ಬಂದರೆ ಮಾತ್ರ ಒಬ್ಬೊಬ್ಬನೂ ಒಂಟಿ. ಬಂದೂಕಿಗೆ ನಳಿಗೆಯ ಬಾಯಿಯಿಂದಲೇ ಮದ್ದು ತುಂಬಬೇಕು: ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡಿಟ್ಟು, ಸಲಾಕೆಯಿಂದ ಜಡಿದು, ಸಲಾಕೆ ಸಿಕ್ಕಿಸಿ, ಕೊನೆಗೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಸಿಡಿಟೊಪ್ಪಿ ಕೂರಿಸುವುದು. ಪಳಗಿದ ಕೈಗೂ ನಿಮಿಷಕ್ಕೆ ಮೂರು ಸುತ್ತು. ಅಂದರೆ ಒಂದು ಗುಂಡು ಹಾರಿದ ಮೇಲೆ 20 ಸೆಕೆಂಡು ಕೈ ಖಾಲಿ. ಓಡುವ ಕುದುರೆಗೆ ಅಷ್ಟು ಧಾರಾಳ ಸಾಕು.

ಉಪಾಯ ಒಂದೇ. ನಾಲ್ವರು ಬೆನ್ನಿಗೆ ಬೆನ್ನು ಕೊಟ್ಟು ಬಯೊನೆಟ್, ಅಂದರೆ ಬಂದೂಕಿನ ತುದಿಯ ಚೂರಿ, ಹೊರಚಾಚುವುದು. ಸಮಯವಿದ್ದರೆ ಇಡೀ ಕಂಪನಿ, ಅಂದರೆ ರೆಜಿಮೆಂಟಿನ ಒಂದು ತುಕಡಿ, ನಾಲ್ಕೂ ಕಡೆಗೆ ಮುಖ ಮಾಡಿ ಚೌಕ ಕಟ್ಟುವುದು. ವ್ಯೂಹ ಅಂದಕೂಡಲೆ ನಮಗೆ ಅಭಿಮನ್ಯು ನೆನಪಾಗುತ್ತಾನೆ, ಇಲ್ಲಿ ಲೆಕ್ಕ ತಿರುಗುಮುರುಗು: ಒಳಗಿದ್ದವನು ಉಳಿಯುತ್ತಾನೆ. ಮೊನೆಗಳ ಬೇಲಿಗೆ ಕುದುರೆ ಎದೆ ಕೊಡುವುದಿಲ್ಲ, ಸವಾರ ಎಷ್ಟು ತಿವಿದರೂ ಪಕ್ಕಕ್ಕೆ ಸರಿಯುತ್ತದೆ. ಕೆಡುವುದು ಎರಡು ಕಡೆ. ಎಲ್ಲರೂ ಒಟ್ಟಿಗೆ ಗುಂಡು ಹಾರಿಸಿದರೆ ಎಲ್ಲರೂ ಒಟ್ಟಿಗೆ ಖಾಲಿ. ಒಬ್ಬ ಬೆನ್ನು ತಿರುಗಿಸಿದರೆ ಅಲ್ಲೊಂದು ಬಾಗಿಲು. ಫಿರಂಗಿ ಇದ್ದರಂತೂ ಚೌಕವೇ ದೊಡ್ಡ ಗುರಿ.

ರೇಂಜರ್‌ಗಳದು ಹೆಚ್ಚಾಗಿ ಶಾಟ್‌ಗನ್, ರಿವಾಲ್ವರ್. ಹತ್ತಿರ ಬಂದರಷ್ಟೇ ಕೆಲಸಕ್ಕೆ ಬರುವಂಥವು. ಬಂದರು. ಕ್ಯಾಪ್ಟನ್ ವೆಲ್ಷ್‌ಬಿಲ್ಲಿಗ್‌ನ ಜಿ ಕಂಪನಿಯ ಚೌಕ ಒಡೆಯಲಿಲ್ಲ. ರೇಂಜರ್‌ಗಳ ಕರ್ನಲ್ ಟೆರಿ ಆ ಕದನದಲ್ಲೇ ಸತ್ತ. ಮರೆಯಿಂದ ಬಯಲಿಗೆ ಬಂದ ಲೆಫ್ಟಿನೆಂಟ್ ಮ್ಯಾಕ್ಸ್ ಸಾಕ್ಸ್‌ಗೆ ಮಾತ್ರ ಚೌಕದ ಆಸರೆ ಸಿಗಲಿಲ್ಲ: ಸುತ್ತುವರಿದವರು ಮತ್ತೆ ಮತ್ತೆ ಕತ್ತಿ ಕೊಡು ಅಂದರೂ ಕೊಡದೆ, ಅಲ್ಲೇ ಬಿದ್ದ.

ಸತ್ತವರಿಗಾಗಿ ಅದೇ ರೆಜಿಮೆಂಟಿನ ಆಗಸ್ಟ್ ಬ್ಲೋಡ್ನರ್ ಊರ ಸುಣ್ಣಕಲ್ಲಿನಲ್ಲಿ ಹದ್ದನ್ನೂ ಜರ್ಮನ್ ಅಕ್ಷರಗಳನ್ನೂ ಕಡೆದ. ಆ ಯುದ್ಧದ ಸ್ಮಾರಕಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಇದೇ ಎನ್ನುತ್ತಾರೆ. 1867ರಲ್ಲಿ ಸಮಾಧಿಗಳ ಜೊತೆ ಲೂಯಿವಿಲ್‌ನ ಕೇವ್ ಹಿಲ್ ಸ್ಮಶಾನಕ್ಕೆ ಹೋಯಿತು. ಮೆತ್ತನೆಯ ಕಲ್ಲು ನೀರು ಕುಡಿದು ಪದರಪದರವಾಗಿ ಕಳಚತೊಡಗಿದ್ದರಿಂದ 2008ರಲ್ಲಿ ಎತ್ತಿ ಒಳಗಿಟ್ಟರು. ಈಗ ಅದೇ ಊರಿನ ಫ್ರೇಜರ್ ಮ್ಯೂಸಿಯಮ್ಮಿನಲ್ಲಿದೆ, ಅರ್ಧ ಅಕ್ಷರ ಕಳೆದುಕೊಂಡು, ಸೂರಿನಡಿ.