ಕಾಡಿನ ಸಾಲ, ಹಾಡಿನ ಸಾಲು

ಕಾಡನ್ನು ಉಳಿಸಬೇಕೆಂಬ ಹಾಡೊಂದನ್ನು ಬರೆಯಲು ಮೊದಲ ಬಾರಿ ಕುಳಿತಾಗ ನನ್ನ ಪಲ್ಲವಿಯಲ್ಲಿ ‘ಉಳಿಸಿ’, ‘ಎದ್ದೇಳಿ’, ‘ನಿಲ್ಲಿಸಿ’ ಎಂಬ ಮಾತುಗಳೇ ತುಂಬಿಕೊಂಡಿದ್ದವು. ಅವು ರಾಗಕ್ಕೆ ಸಲೀಸಾಗಿ ಹೊಂದಿಕೊಂಡವು, ಪ್ರಾಸವೂ ಒದಗಿಬಂತು. ಆದರೆ ನಾಲ್ಕಾರು ಸಲ ಹಾಡಿಕೊಂಡ ಮೇಲೆ, ಆ ಹಾಡಿನಲ್ಲಿ ಕಾಡೇ ಇಲ್ಲ, ಕಾಡಿನ ಪರವಾಗಿ ಕೂಗುತ್ತಿರುವ ನಾನು ಮಾತ್ರ ಇದ್ದೇನೆ ಎಂಬುದು ಅರಿವಿಗೆ ಬಂತು.

ಆಗ ದಾರಿ ತೋರಿಸಿದ್ದು ‘ಕೃತಜ್ಞತೆ’ ಎಂಬ ಪದ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗೆ ಯಾವ ಉಪಕಾರವಾಗಿದೆ ಎಂಬುದನ್ನು ತಿಳಿಯದವನು ಕೃತಜ್ಞನಾಗಲಾರ ಎಂಬುದು ಆ ಪದದ ಒಡಲಲ್ಲಿಯೇ ಇದೆ. ‘ಪ್ರಕೃತಿ ಮಾತೆಗೆ ನಮನ’ ಎಂದು ಬರೆಯಲು ಏನನ್ನೂ ತಿಳಿದಿರಬೇಕಾಗಿಲ್ಲ, ಆದ್ದರಿಂದಲೇ ಆ ಸಾಲು ಯಾರನ್ನೂ ತಟ್ಟುವುದಿಲ್ಲ. ಒಂದೊಂದು ಸಾಲಿಗೂ ಮೊದಲು ಕಾಡು ಮಾಡಿದ ಒಂದೊಂದು ಕೆಲಸವನ್ನು ಕಣ್ಣಾರೆ ಕಂಡು ಬರಬೇಕೆಂದು ನಾನು ನಿಶ್ಚಯಿಸಿಕೊಂಡೆ.

ಹಾಗೆ ಹೋದ ಒಂದು ಬೆಳಗ್ಗೆ, ಉರುಳಿ ಬಿದ್ದು ವರ್ಷಗಳಾಗಿದ್ದ ಮರದ ಕಾಂಡವೊಂದರ ಪಕ್ಕದಲ್ಲಿ ಕುಳಿತಿದ್ದೆ. ಸಡಿಲವಾಗಿದ್ದ ತೊಗಟೆಯ ಒಂದು ತುಂಡನ್ನು ಮೆಲ್ಲಗೆ ಎತ್ತಿದಾಗ ಅದರ ಅಡಿಯಲ್ಲಿ ಬಿಳಿಯ ಎಳೆಗಳು ಬೀಸಣಿಗೆಯಂತೆ ಹರಡಿಕೊಂಡಿದ್ದವು, ಮೊದಲ ಮಳೆ ಬಿದ್ದ ಮಣ್ಣಿನಂಥ ವಾಸನೆ ಮೂಗಿಗೆ ಬಡಿಯಿತು. ಅವು ಶಿಲೀಂಧ್ರದ ಎಳೆಗಳು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿಯಾಗಿ ಬಿಡಿಸಬಲ್ಲ ಜೀವಿಗಳು ತೀರ ವಿರಳ, ಆ ಕೆಲಸದಲ್ಲಿ ಮುಖ್ಯವಾದವು ಇಂಥ ಶಿಲೀಂಧ್ರಗಳೇ. ತೊಗಟೆಯನ್ನು ಇದ್ದಲ್ಲಿಯೇ ಇಟ್ಟು, ಮೂರು ಮಾತ್ರೆಯ ನಡೆಯಲ್ಲಿ ಹೀಗೆ ಬರೆದುಕೊಂಡೆ:

ಬಿದ್ದ ಮರದ ಎದೆಯ ಒಳಗೆ
ಬಿಳಿಯ ನೂಲು ನೇಯುತಿಹುದು
ನಾಳೆ ಮೊಳೆವ ಸಸಿಗೆ ಹಾಸು

ಇದರಲ್ಲಿ ಯಾರಿಗೂ ಆಜ್ಞೆಯಿಲ್ಲ. ಆದರೂ ಇದನ್ನು ಕೇಳಿದ ಗೆಳತಿಯೊಬ್ಬಳು, ಒಣಮರವನ್ನು ಕಾಡಿನಿಂದ ಸಾಗಿಸಿದರೆ ನಷ್ಟವೇನೆಂದು ಇಷ್ಟು ದಿನ ತನಗೆ ತಿಳಿದಿರಲಿಲ್ಲ ಎಂದಳು. ಘೋಷಣೆಯ ಪಲ್ಲವಿ ಯಾರಿಂದಲೂ ಇಂಥ ಮಾತನ್ನು ಹೊರಡಿಸಿರಲಿಲ್ಲ.

ಹಾಡಿನಿಂದ ಏನಾದೀತು ಎಂದು ಕೇಳುವವರಿಗೆ ನಾನು ಹಂಪ್‌ಬ್ಯಾಕ್ ತಿಮಿಂಗಿಲಗಳ ಕಥೆಯನ್ನು ಹೇಳುತ್ತೇನೆ. ಅಮೆರಿಕದ ನೌಕಾಪಡೆಗಾಗಿ ಬರ್ಮುಡಾದ ಬಳಿ ಕಡಲಾಳದ ಸದ್ದುಗಳನ್ನು ಆಲಿಸುತ್ತಿದ್ದ ಎಂಜಿನಿಯರ್ ಫ್ರ್ಯಾಂಕ್ ವಾಟ್ಲಿಂಗ್ಟನ್ ಅವುಗಳ ದನಿಯನ್ನು ಮುದ್ರಿಸಿಕೊಂಡಿದ್ದರು. ಆ ಮುದ್ರಣಗಳು ಜೀವವಿಜ್ಞಾನಿ ರೋಜರ್ ಪೇನ್ ಅವರ ಕೈ ಸೇರಿ, 1970ರಲ್ಲಿ ಧ್ವನಿಮುದ್ರಿಕೆಯಾಗಿ ಜನರ ಮನೆಗಳಿಗೆ ಬಂದವು. ಮರುವರ್ಷ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಅವರು, ಈ ದನಿಗಳು ಗೊತ್ತಾದ ಕ್ರಮದಲ್ಲಿ ಮರುಕಳಿಸುತ್ತವೆ, ಆದ್ದರಿಂದ ಅವನ್ನು ಹಾಡೆಂದೇ ಕರೆಯಬೇಕು ಎಂದು ತೋರಿಸಿಕೊಟ್ಟರು. ಒಂದು ಪ್ರದೇಶದ ಗಂಡು ತಿಮಿಂಗಿಲಗಳೆಲ್ಲ ಬಹುಮಟ್ಟಿಗೆ ಒಂದೇ ಹಾಡನ್ನು ಹಾಡುತ್ತವೆ, ಕಾಲ ಸರಿದಂತೆ ಎಲ್ಲವೂ ಜೊತೆಯಾಗಿಯೇ ಅದನ್ನು ಬದಲಿಸಿಕೊಳ್ಳುತ್ತವೆ ಎಂಬುದನ್ನು ಓದಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ. ಎಣ್ಣೆಗೂ ಮಾಂಸಕ್ಕೂ ಕೊಲ್ಲಲಾಗುತ್ತಿದ್ದ ಜೀವಿಯೊಂದು ತಮ್ಮ ಹಾಗೆಯೇ ಹಾಡುಗಾರ ಎಂದು ಆಗ ಲಕ್ಷಾಂತರ ಜನರಿಗೆ ಮನದಟ್ಟಾಯಿತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗವು ವಾಣಿಜ್ಯ ಬೇಟೆಯನ್ನು ತಡೆಹಿಡಿಯಲು ತೀರ್ಮಾನಿಸಿತು. ಅದಕ್ಕೆ ಧ್ವನಿಮುದ್ರಿಕೆಯೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ತಿಮಿಂಗಿಲಗಳಿಗಾಗಿ ಬೀದಿಗಿಳಿದ ಅನೇಕರನ್ನು ಮೊದಲು ಕದಲಿಸಿದ್ದು ಆ ಹಾಡು ಎಂಬುದರಲ್ಲಿ ನನಗೆ ಸಂಶಯವಿಲ್ಲ.

1974ರಲ್ಲಿ ಹಿಮಾಲಯದ ರೇಣಿ ಗ್ರಾಮದಲ್ಲಿ ಮರ ಕಡಿಯಲು ಬಂದವರನ್ನು ತಡೆದ ಗೌರಾ ದೇವಿ ಮತ್ತು ಅವರ ಸಂಗಾತಿಗಳು ಆ ಕಾಡನ್ನು ತಮ್ಮ ತವರುಮನೆ ಎಂದು ಕರೆದರು. ಚಿಪ್ಕೋ ಚಳವಳಿಯ ಉದ್ದಕ್ಕೂ ಹಾಡುಗಳಿದ್ದವು, ಆದರೆ ನನ್ನ ಮಟ್ಟಿಗೆ ಆ ‘ತವರು’ ಎಂಬ ಒಂದು ಪದವೇ ಪೂರ್ತಿ ಹಾಡು. ಉಂಡ ಅನ್ನದ, ಆಡಿದ ಅಂಗಳದ ನೆನಪು ಅದರಲ್ಲಿದೆ; ತವರಿಗೆ ಕೊಡಲಿ ಬೀಳುವಾಗ ಮಗಳು ಸುಮ್ಮನಿರಲಾರಳು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕೃತಜ್ಞತೆಯ ಹಾಡಿನಲ್ಲಿ ಸಿಟ್ಟಿಗೆ ಜಾಗವಿಲ್ಲವೆಂದು ಭಾವಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಋಣವನ್ನು ಹಣದ ರೂಪದಲ್ಲಿಯೂ ಸಲ್ಲಿಸುವ ದಾರಿ ಈಗ ತೆರೆದಿದೆ. 2024ರ ಏಪ್ರಿಲ್‌ನಲ್ಲಿ ಆರಂಭವಾದ ‘ಸೌಂಡ್ಸ್ ರೈಟ್’ ಯೋಜನೆಯು ಸಂಗೀತದ ಆ್ಯಪ್‌ಗಳಲ್ಲಿ ಪ್ರಕೃತಿಯನ್ನೇ ಕಲಾವಿದೆಯೆಂದು ನಮೂದಿಸುತ್ತದೆ. ಹಕ್ಕಿ, ಮಳೆ, ಅಲೆಗಳ ಸದ್ದನ್ನು ಬಳಸಿಕೊಂಡ ಹಾಡುಗಳ ರಾಯಧನದಲ್ಲಿ ಒಂದು ಪಾಲು ಸಂರಕ್ಷಣೆಯ ಕೆಲಸಕ್ಕೆ ಹೋಗುತ್ತದೆ. ಹಕ್ಕಿಯ ಕೂಗನ್ನು ಹಾಡಿನ ಆರಂಭಕ್ಕೆ ಅಂಟಿಸಿಕೊಂಡು, ಅದರ ಹೆಸರನ್ನೂ ಹೇಳದೆ ಮುಂದಕ್ಕೆ ಸಾಗುವ ನಮ್ಮ ರೂಢಿಗೆ ಇದು ಬೇಕಾಗಿದ್ದ ತಿದ್ದುಪಡಿ.

ನನ್ನ ಹಾಡಿಗೆ ಈಗ ಮೂರು ಚರಣಗಳಾಗಿವೆ. ‘ಉಳಿಸಿ’ ಎಂಬ ಪದ ಒಂದೇ ಕಡೆ, ಕೊನೆಯ ಚರಣದ ತುದಿಯಲ್ಲಿ, ಸ್ವರ ಕೆಳಗಿಳಿಯುವಾಗ ಬರುತ್ತದೆ. ಅಷ್ಟರಲ್ಲಿ ಬಿದ್ದ ಮರ, ಅದರ ಬಿಳಿಯ ನೂಲು, ಅದರ ಮೇಲೆ ಮೊಳೆತ ಸಸಿ ಎಲ್ಲವೂ ಹಾಡಿನೊಳಗೆ ಬಂದು ಕುಳಿತಿರುತ್ತವೆ.