ಪೊರೆ ಲೆಕ್ಕ: ಹನ್ನೊಂದನೆಯದಕ್ಕೆ ಬಂದಾಗ

ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಹಾವು ಕಳಚಿದ ಪೊರೆ ಕೂಡಿಡುವ ಈ ಹುಚ್ಚು ಹಿಡಿಯಿತು. ನಮ್ಮ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ತಲೆಯಲ್ಲಿ. ಇಲ್ಲಿ ಹಾವು ಕಂಡರೆ ಅದು ಸುದ್ದಿಯಲ್ಲ. ಆದರೆ ಗುರುತು ಹಿಡಿಯುವಷ್ಟು ಹೊತ್ತು ಹಾವು ನಿಲ್ಲುವುದಿಲ್ಲ, ನಾವೂ ನಿಲ್ಲುವುದಿಲ್ಲ. ಪೊರೆ ಹಾಗಲ್ಲ, ಬಿದ್ದಲ್ಲೇ ಇರುತ್ತದೆ. ಸಿಕ್ಕಿದ್ದನ್ನೆಲ್ಲ ಎಣಿಸಿ, ಹಳೇ ಲೆಕ್ಕದ ಪುಸ್ತಕವೊಂದರ ಹಾಳೆಗಳ ನಡುವೆ ಇಡುತ್ತಾ ಬಂದೆ. "ಇದನ್ನ ಯಾಕೆ ಒಳಗೆ ತಂದ್ಯೋ ಮಾರಾಯ" ಅಂತ ಅಮ್ಮ ಮೊದಲ ತಿಂಗಳೆಲ್ಲ ಗೊಣಗಿದಳು.

ಮೊದಲನೆಯದು ಸೌದೆ ಕೊಟ್ಟಿಗೆಯದು. ಆರಡಿಗಿಂತ ಉದ್ದ. ಅಮ್ಮನಿಗೆ ಅನುಮಾನವೇ ಇಲ್ಲ, ನಾಗರ. ಮೈಯ ಹುರುಪೆ ಸಾಲು ಎಣಿಸಿದರೆ ಗೊತ್ತಾಗುತ್ತದೆ ಎಂದು ಓದಿದ್ದೆ. ಎಣಿಸಿದೆ, 14 ಬಂತು. ಮತ್ತೆ ಎಣಿಸಿದೆ, ಮತ್ತೆ 14. ನನ್ನ ಹತ್ತಿರ ಇದ್ದ ಪಟ್ಟಿಯಲ್ಲಿ 14 ಸಾಲಿನ ಹಾವೇ ಇಲ್ಲ! ಎರಡು ದಿನ ತಲೆ ಕೆಟ್ಟ ಮೇಲೆ ತಪ್ಪು ಗೊತ್ತಾಯಿತು. ಎಣಿಸಬೇಕಾದದ್ದು ಮೈಯ ನಟ್ಟನಡುವೆ. ನಾನು ಎಣಿಸಿದ್ದು ಬಾಲದ ಹತ್ತಿರ, ಅಲ್ಲಿ ಸಾಲು ಕಡಿಮೆಯಾಗುತ್ತದೆ. ನಡುವೆ ಎಣಿಸಿದರೆ 17. ನಾಗರಕ್ಕೆ ಸಾಮಾನ್ಯವಾಗಿ 21 ಅಥವಾ ಜಾಸ್ತಿ. ಅಂದರೆ ಇದು ನಮ್ಮ ಕೇರೆ. ಆರಡಿ ಎಂಬುದೂ ಪೂರ್ತಿ ನಿಜವಲ್ಲ, ಕಳಚುವಾಗ ಪೊರೆ ಹಿಗ್ಗುತ್ತದೆ, ಹಾವು ಅದಕ್ಕಿಂತ ಗಿಡ್ಡ.

ಈಗ ಕೈ ಸ್ವಲ್ಪ ಪಳಗಿದೆ. ಮುದುಡಿದ ಪೊರೆಯನ್ನು ನೀರಲ್ಲಿ ನೆನೆಸಿ, ಹೊಟ್ಟೆಯ ಉದ್ದಕ್ಕೆ ಕತ್ತರಿಸಿ, ಕಪ್ಪು ಬಟ್ಟೆಯ ಮೇಲೆ ಹರಡುತ್ತೇನೆ. ಹೊಟ್ಟೆಯ ಅಗಲ ಪಟ್ಟಿಗಳನ್ನು ಬಿಟ್ಟು ಬೆನ್ನಿನ ಹುರುಪೆಗಳನ್ನು ಓರೆಯಾಗಿ ಎಣಿಸುವುದು. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಕಣ್ಣಿಗೆ ಸಲೀಸು. ಆಮೇಲೆ ನೆರಳಲ್ಲಿ ಒಣಗಿಸಿ, ಸೋಪು ಹಾಕಿ ಕೈ ತೊಳೆದುಕೊಳ್ಳುವುದು. ಮಳೆಗಾಲದಲ್ಲಿ ಬೂಷ್ಟು ಬಂದು ಎರಡು ಹಾಳಾದವು. ಒಂದನ್ನು ಇರುವೆ ತಿಂದವು.

ಇನ್ನೊಂದು ಮಜಾ ಇದೆ. ಹಾವು ತುಟಿಯ ಹತ್ತಿರ ಪೊರೆ ಬಿಡಿಸಿಕೊಂಡು, ನಾವು ಕಾಲುಚೀಲ ಕಳಚಿದ ಹಾಗೆ ಒಳಹೊರಗು ಮಾಡಿ ಹೊರಬರುತ್ತದೆ. ಹಾಗಾಗಿ ಪೊರೆಯ ಬಾಲ ಯಾವ ಕಡೆಗಿದೆಯೋ ಹಾವು ಹೋದದ್ದು ಆ ಕಡೆಗೆ. ಅಟ್ಟದಲ್ಲಿ ಸಿಕ್ಕ ಪೊರೆಯ ಬಾಲ ಅಡುಗೆಮನೆ ಕಡೆ ಇತ್ತು. ಅಮ್ಮನಿಗೆ ಹೇಳಲಿಲ್ಲ. ಎಣಿಸಿ ನೋಡಿದರೆ ತೋಳಹಾವು, ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುವ ಸಾಧು ಪ್ರಾಣಿ. ಗೊಬ್ಬರಗುಂಡಿಯ ಹತ್ತಿರ ಸಿಕ್ಕ ತುಂಡು ಮಾತ್ರ ಕೈಗೆ ಒರಟು. ಒಂದೊಂದು ಹುರುಪೆಯ ನಡುವೆಯೂ ಉದ್ದಕ್ಕೆ ಏಣು (ಉಬ್ಬುಗೆರೆ), 29 ಸಾಲು, ಬೆಳಕಿಗೆ ಹಿಡಿದರೆ ಸರಪಳಿಯ ನೆರಳು. ಕೊಳಕುಮಂಡಲ. ಅವತ್ತಿಂದ ಬರಿಗಾಲಲ್ಲಿ ಗುಂಡಿ ಕಡೆ ಹೋಗುವುದು ನಿಂತಿದೆ.

ಒಂಬತ್ತನೆಯದನ್ನು ಮಾತ್ರ ಇನ್ನೂ ಆಗಾಗ ತೆಗೆದು ನೋಡುತ್ತೇನೆ. ಬಚ್ಚಲ ಹಂಡೆಯ ಹಿಂದೆ ಸಿಕ್ಕಿದ್ದು, ಕಳೆದ ಬೇಸಿಗೆಯಲ್ಲಿ. ನುಣುಪು, ತೆಳು. ಸಾಲು 15. ಹಸಿರು ಹಾವಿಗೂ 15, ಕಾಳಿಂಗಕ್ಕೂ 15. (ಆಗುಂಬೆ ನಮಗೆ ದೂರವಲ್ಲ, ಕಾಳಿಂಗದ ಆಸೆ ಇದ್ದೇ ಇದೆ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು 2024ರಲ್ಲಿ ವಿಂಗಡಿಸಿ, ಒಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ನಮ್ಮ ಪದವೇ ಅಲ್ವಾ!) ಆದರೆ ಇದರ ಬೆನ್ನಿನ ನಡುಸಾಲು ಉಳಿದವಕ್ಕಿಂತ ದೊಡ್ಡದು, ಆರು ಮೂಲೆಯದು. ಬಾಲದ ಅಡಿ ತಿರುಗಿಸಿದೆ. ಬಹಳ ಹಾವುಗಳಿಗೆ ಅಲ್ಲಿನ ಪಟ್ಟಿ ಎರಡಾಗಿ ಸೀಳಿರುತ್ತದೆ. ಇದಕ್ಕೆ ತುದಿವರೆಗೂ ಒಂದೇ. ಕಟ್ಟುಹಾವು. ಕೆಲವರು ಕಡಂಬಳ ಅನ್ನುವುದೂ ಇದನ್ನೇ.

ಬಚ್ಚಲಿಗೂ ಜಗಲಿಗೂ ಹತ್ತು ಹೆಜ್ಜೆ. ಅಪ್ಪಯ್ಯ ಬೇಸಿಗೆಯಿಡೀ ಮಲಗುವುದು ಜಗಲಿಯ ನೆಲದ ಮೇಲೆ, ಚಾಪೆ ಹಾಸಿಕೊಂಡು. ಕಟ್ಟುಹಾವು ಓಡಾಡುವುದು ರಾತ್ರಿ. ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಊತವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣೆವೆ ಜೋಲುವುದು. ಆಗ ತಡವಾಗಿರುತ್ತದೆ. ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದರೆ "ಎಪ್ಪತ್ತು ವರ್ಷ ಆಯ್ತು, ಏನೂ ಆಗಿಲ್ಲ" ಅಂದರು. ವಾದ ಮಾಡಲಿಲ್ಲ. ಪೊರೆಯನ್ನೂ ಚಾಪೆಯನ್ನೂ ಪಕ್ಕಪಕ್ಕ ಇಟ್ಟೆ. ಮಾರನೇ ದಿನ ಅಟ್ಟದಿಂದ ಹಳೇ ಮಂಚ ಇಳಿಸಲು ನನ್ನನ್ನೇ ಕರೆದರು. ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸುವುದು ಈಗ ಅವರದೇ ಕೆಲಸ.

ತೌಡಿನ ಚೀಲ ಡ್ರಮ್ಮಿಗೆ ಹೋಯಿತು, ಇಲಿ ಕಡಿಮೆಯಾಗಿದೆ. ಸೌದೆ ಗೋಡೆಯಿಂದ ದೂರ ಹೋಯಿತು. ರಾತ್ರಿ ಅಂಗಳಕ್ಕೆ ಇಳಿಯಲು ಟಾರ್ಚು ಕಡ್ಡಾಯ. ಯಾರಿಗಾದರೂ ಕಚ್ಚಿದರೆ ಹಾವು ಹಿಡಿಯಲು, ಪೊರೆ ಹುಡುಕಲು ಹೋಗಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಲಕ್ಷಣ ನೋಡಿಯೇ ಡಾಕ್ಟರು ಔಷಧಿ ಕೊಡುತ್ತಾರೆ. 108ಕ್ಕೆ ಫೋನು, ಸೀದಾ ಆಸ್ಪತ್ರೆ.

ಹನ್ನೊಂದನೆಯದು ಮೊನ್ನೆ ಬಂತು. ತಂದದ್ದು ಅಮ್ಮ, ಮೊರದಲ್ಲಿ. "ಹದಿನೇಳು ಉಂಟು, ಕೇರೆ. ಬೇಕಾದರೆ ನೀನೊಮ್ಮೆ ನೋಡು" ಅಂದಳು. ನೋಡಿದೆ. 19, ಏಣು ಬೇರೆ ಇದೆ, ನೀರೊಳ್ಳೆ. ಅಮ್ಮ ಒಪ್ಪುತ್ತಿಲ್ಲ. ಪೊರೆ ಇನ್ನೂ ಮೊರದಲ್ಲೇ ಇದೆ, ನಾಳೆ ಬೆಳಕಲ್ಲಿ ಇಬ್ಬರೂ ಕೂತು ಎಣಿಸುವುದು ಅಂತ ಆಗಿದೆ.