ಶೇ 96 ಬಂತು, ಇನ್ನು ಆಡಬಹುದಾ?

ಒಂಟಿ ಕಾಲಿನ ಜಿಗಿತ ಅಳೆಯುವಾಗ ನಾನು ಮೊದಲು ನೋಡುವುದು ಆಟಗಾರರ ಕಾಲನ್ನಲ್ಲ, ಫೋನಿನ ಕ್ಯಾಮೆರಾ ಸೆಟ್ಟಿಂಗನ್ನು. ಫಿಸಿಯೋಥೆರಪಿಸ್ಟ್‌ಗೆ ಇದೇನು ಕೆಲಸ ಅನ್ನಿಸಬಹುದು. ಆದರೆ ಕಾಲು ಉಳುಕಿದವರನ್ನು ಮತ್ತೆ ಆಟಕ್ಕೆ ಬಿಡಬೇಕಾ ಬೇಡವಾ ಅನ್ನುವ ತೀರ್ಮಾನ ಎಷ್ಟೋ ಸಲ ಅಲ್ಲೇ ದಾರಿ ತಪ್ಪುತ್ತದೆ.

ಜಿಗಿತದ ಆ್ಯಪ್‌ಗಳು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಕಾಲು ನೆಲ ಬಿಟ್ಟ ಫ್ರೇಮ್, ಮತ್ತೆ ನೆಲ ಮುಟ್ಟಿದ ಫ್ರೇಮ್, ಇವೆರಡನ್ನು ನಾವು ಗುರುತು ಮಾಡುತ್ತೇವೆ. ಗಾಳಿಯಲ್ಲಿದ್ದ ಸಮಯದಿಂದ ಆ್ಯಪ್ ಎತ್ತರದ ಲೆಕ್ಕ ಹಾಕುತ್ತದೆ. 0.3 ಸೆಕೆಂಡ್ ಅಂದರೆ ಸುಮಾರು 11 ಸೆಂ.ಮೀ. ಸೆಕೆಂಡಿಗೆ 30 ಫ್ರೇಮ್ ಇರುವ ಮಾಮೂಲಿ ವಿಡಿಯೋದಲ್ಲಿ ಒಂದೇ ಒಂದು ಫ್ರೇಮ್ ಆಚೆ ಗುರುತು ಬಿದ್ದರೆ ಆ 11 ಹೋಗಿ 13.6 ಆಗುತ್ತದೆ. ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ! ನಾವು ಹುಡುಕುತ್ತಿರುವುದೋ ಎರಡು ಕಾಲುಗಳ ನಡುವಿನ ಶೇ 10ರ ವ್ಯತ್ಯಾಸ. ಅದೇ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಒಂದು ಫ್ರೇಮ್ ತಪ್ಪಿದರೆ 3 ಮಿ.ಮೀ. ಆಚೀಚೆ, ಅಷ್ಟೇ. ಮೆಸೇಜಿನಲ್ಲಿ ಕಳಿಸಿದ ವಿಡಿಯೋ ಕುಗ್ಗಿ ಬರುತ್ತದೆ, ಫ್ರೇಮೂ ಕಡಿಮೆಯಾಗಿರಬಹುದು. ಹಾಗಾಗಿ ಅದನ್ನು ನಾನು ಅಳತೆಗೆ ಬಳಸುವುದಿಲ್ಲ, ಸುಮ್ನೆ ನೋಡುತ್ತೇನೆ.

ಇನ್ನೊಂದು ಮೋಸ ಇದೆ. ಇಳಿಯುವಾಗ ಮೊಣಕಾಲು ಮಡಚಿಕೊಂಡರೆ ಗಾಳಿಯಲ್ಲಿರುವ ಸಮಯ ಹೆಚ್ಚಾಗುತ್ತದೆ, ಎತ್ತರವೂ ಹೆಚ್ಚಿದಂತೆ ಕಾಣುತ್ತದೆ. ಚುರುಕು ಆಟಗಾರರಿಗೆ ಇದು ಬೇಗ ಗೊತ್ತಾಗಿಬಿಡುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಪಾದದ ಕೀಲು ಎಷ್ಟು ಬಾಗುತ್ತದೆ ಅಂತ ನೋಡುವುದು ಇದಕ್ಕಿಂತ ಸುಲಭ. ಗೋಡೆ ಎದುರು ಪಾದವನ್ನು ಆದಷ್ಟು ಹಿಂದಕ್ಕಿಟ್ಟು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬೇಕು. ಹೆಬ್ಬೆರಳಿನಿಂದ ಗೋಡೆಗೆ ಇರುವ ದೂರವನ್ನು ಟೇಪಿನಲ್ಲಿ ಅಳೆಯಬಹುದು, ಇಲ್ಲವೇ ಫೋನನ್ನು ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಮೇಲಿಟ್ಟು ಕೋನ ಓದಬಹುದು. ಫೋನ್ ಇಡುವ ಜಾಗ ಮಾತ್ರ ಪ್ರತಿ ಸಲ ಒಂದೇ ಇರಬೇಕು. ನಾನು ಪೆನ್ನಿನಲ್ಲಿ ಗುರುತು ಹಾಕಿಬಿಡುತ್ತೇನೆ. ನಿಜ ಹೇಳಬೇಕೆಂದರೆ, ಇದಕ್ಕೆ ಟೇಪೇ ಸಾಕು.

ಒಳ್ಳೆಯ ಕಾಲಿಗೆ ಹೋಲಿಸಿ ಶೇಕಡಾ ತೆಗೆಯುತ್ತೇವಲ್ಲ, ಅದರಲ್ಲೂ ತೊಡಕಿದೆ. ಆ 'ಒಳ್ಳೆಯ' ಕಾಲು ಹಿಂದೆ ಉಳುಕಿರಬಹುದು. ಇಲ್ಲವೇ ವಾರಗಟ್ಟಲೆ ಅಭ್ಯಾಸವಿಲ್ಲದೆ ಅದೂ ಸೊರಗಿರಬಹುದು. ಎರಡೂ ಕಾಲು ಒಟ್ಟಿಗೆ ಕೆಳಗಿಳಿದಿದ್ದರೆ ಹೋಲಿಕೆ ಬಲು ಚೆನ್ನಾಗಿ ಬರುತ್ತದೆ. ಆದ್ದರಿಂದ ಸೀಸನ್ ಶುರುವಿನಲ್ಲೇ, ಯಾರಿಗೂ ಏನೂ ಆಗಿಲ್ಲದಿರುವಾಗ, ಎಲ್ಲರ ಅಳತೆಯನ್ನೂ ತೆಗೆದಿಡಿ ಅಂತ ಕೋಚ್‌ಗಳಿಗೆ ಹೇಳುತ್ತಲೇ ಇರುತ್ತೇನೆ.

ಈಗ ತಲೆಬರಹದ ವಿಷಯ. ವಾಲಿಬಾಲ್ ಆಡುವ ಹುಡುಗಿಯೊಬ್ಬಳು ಬ್ಲಾಕ್ ಮಾಡಿ ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟು ಉಳುಕಿಸಿಕೊಂಡಿದ್ದಳು. ಈ ಆಟದಲ್ಲಿ ಕಾಲು ಉಳುಕುವುದು ಹೆಚ್ಚಾಗಿ ಹೀಗೇ. ನೋವು ಹೋಗಿತ್ತು, ಊತ ಇಳಿದಿತ್ತು, ಜಿಗಿತದಲ್ಲಿ ಎರಡು ಕಾಲಿನ ಹೋಲಿಕೆ ಶೇ 96. ಪಕ್ಕಕ್ಕೆ ಹಾರುವ ಪರೀಕ್ಷೆಯಲ್ಲೂ, ಅಂದರೆ 30 ಸೆಂ.ಮೀ. ಅಂತರದ ಎರಡು ಗೆರೆಗಳ ಆಚೀಚೆ ಒಂಟಿ ಕಾಲಿನಲ್ಲಿ 10 ಸಲ ಹೋಗಿಬರುವುದರಲ್ಲೂ, ಸಮಯ ಚೆನ್ನಾಗಿಯೇ ಇತ್ತು. "ಮೇಡಂ, 96 ಬಂದಿದೆಯಲ್ಲ, ಇನ್ನೇನು?" ಅಂದರು ಕೋಚ್.

ಗಡಿಯಾರ ಬಿಟ್ಟು ಅದೇ ವಿಡಿಯೋವನ್ನು ನಿಧಾನಕ್ಕೆ ಓಡಿಸಿ ತೋರಿಸಿದೆ. ಒಳಗಡೆಗೆ ಹಾರುವಾಗ ಏನೂ ತೊಂದರೆ ಇಲ್ಲ. ಹೊರಗಡೆಗೆ ಹಾರಿ ಇಳಿದಾಗ ಮಾತ್ರ ಮೊಣಕಾಲು ಬಾಗುತ್ತಲೇ ಇಲ್ಲ, ಇಡೀ ಪಾದ ಒಮ್ಮೆಗೇ ಧಪ್ ಅಂತ ಬೀಳುತ್ತದೆ, ಕೈಗಳು ಅಗಲಕ್ಕೆ ಚಾಚಿಕೊಳ್ಳುತ್ತವೆ. ಕಾಲು ಕೆಲಸ ಮುಗಿಸುತ್ತಿದೆ, ಆದರೆ ಅದನ್ನು ನಂಬಿ ಮಾಡುತ್ತಿಲ್ಲ.

ಆಮೇಲೆ ಪ್ರಶ್ನಾವಳಿ ಕೊಟ್ಟೆ. ಎಎಲ್ಆರ್-ಆರ್‌ಎಸ್ಐ ಅಂತ, ಆಟಕ್ಕೆ ಮರಳಲು ಮನಸ್ಸು ಎಷ್ಟು ಸಿದ್ಧವಾಗಿದೆ ಅಂತ ನೋಡುವ 12 ಪ್ರಶ್ನೆಗಳು. ಅಂಕ ಕೆಳಗಿತ್ತು. ಯಾಕೆ ಅಂತ ಕೇಳಿದ್ದಕ್ಕೆ ಅವಳೇ ಹೇಳಿದಳು: "ಬ್ಲಾಕ್‌ಗೆ ಎದ್ದಾಗ ಬಾಲ್ ನೋಡಲ್ಲ ಮೇಡಂ, ಕೆಳಗೆ ಯಾರ ಕಾಲಿದೆ ಅಂತ ನೋಡ್ತೀನಿ."

ಇದು ಯಾವ ಸೆನ್ಸರ್‌ಗೂ ಸಿಗುವುದಿಲ್ಲ, ಅಲ್ವಾ? ಕಾಲು ಉಳುಕಿದವರನ್ನು ಆಟಕ್ಕೆ ಮರಳಿಸುವ ಬಗ್ಗೆ 2021ರಲ್ಲಿ ಅಂತರರಾಷ್ಟ್ರೀಯ ಪರಿಣತರು ಒಮ್ಮತದಿಂದ ಕೊಟ್ಟ ಚೌಕಟ್ಟಿನಲ್ಲಿ ನೋವು, ಕೀಲಿನ ಬಲ ಮತ್ತು ಬಾಗು, ಸಮತೋಲ, ಆಟದ ಸಾಮರ್ಥ್ಯದ ಜೊತೆಗೆ ಆಟಗಾರರ ಸ್ವಂತ ಅನಿಸಿಕೆಗೂ ಸಮನಾದ ಜಾಗವಿದೆ. ಅದೇ ತೀರ್ಮಾನಕ್ಕೆ ಬಳಸುವ 25 ಅಂಕದ ಆಂಕಲ್-ಗೋ ಪರೀಕ್ಷೆಯಲ್ಲೂ ಜಿಗಿತ, ಸಮತೋಲದ ಪಕ್ಕದಲ್ಲೇ ಪ್ರಶ್ನಾವಳಿಗಳಿವೆ. ನಮ್ಮಲ್ಲಿ ಮಾತ್ರ ಅದನ್ನು ಕಾಯುವ ಹೊತ್ತಿನಲ್ಲಿ ತುಂಬಿಸಿ ಫೈಲಿಗೆ ಸೇರಿಸುವ ಕಾಗದ ಮಾಡಿಕೊಂಡಿದ್ದೇವೆ.

ಅವಳನ್ನು ಅಭ್ಯಾಸಕ್ಕೆ ಬಿಟ್ಟೆವು, ಆದರೆ ನೆಟ್ ಹತ್ತಿರ ಬ್ಲಾಕ್ ಇಲ್ಲ. ಮೊದಲು ಒಬ್ಬಳೇ ಹಾರಿ ಇಳಿಯುವುದು, ಆಮೇಲೆ ಗಾಳಿಯಲ್ಲಿರುವಾಗ ಮೆತ್ತಗೆ ಭುಜ ತಳ್ಳುವುದು, ಕೊನೆಗೆ ನೆಟ್‌ನಾಚೆ ಜನ ನಿಲ್ಲಿಸುವುದು. ಪ್ರತಿ ಹಂತದಲ್ಲೂ ಒಂದೇ ಕಡೆ ಟ್ರೈಪಾಡ್, 240 ಫ್ರೇಮ್. ಎತ್ತರಕ್ಕಲ್ಲ, ಕಣ್ಣು ಎಲ್ಲಿದೆ ಮತ್ತು ಮೊಣಕಾಲು ಬಾಗುತ್ತದಾ ಅಂತ ನೋಡಲು. ವಿಡಿಯೋ ನೋಡಿ ಅವಳೇ ತಿದ್ದಿಕೊಂಡದ್ದು ನಾನು ಹೇಳಿ ತಿದ್ದಿದ್ದಕ್ಕಿಂತ ಜಾಸ್ತಿ.

ಈಗ ಕೋಚ್‌ಗಳಿಗೆ ಬರೀ ಶೇಕಡಾ ಕಳಿಸುವುದನ್ನು ಬಿಟ್ಟಿದ್ದೇನೆ. ಯಾವ ಫ್ರೇಮಿನಲ್ಲಿ ತೆಗೆದದ್ದು, ಯಾವ ಕಾಲಿಗೆ ಹೋಲಿಸಿದ್ದು, ಯಾವ ದಿಕ್ಕಿನ ಇಳಿತ ಇನ್ನೂ ಸರಿಯಿಲ್ಲ, ಇಷ್ಟು ಬರೆಯುತ್ತೇನೆ. ಪೂರ್ತಿ ಅಭ್ಯಾಸ ಮಾಡಿದ ಮರುದಿನ ಬೆಳಿಗ್ಗೆ ಗೋಡೆ ಪರೀಕ್ಷೆಯ ಫೋಟೋ ಕಳಿಸಲು ಆಟಗಾರರಿಗೇ ಹೇಳಿರುತ್ತೇನೆ. ಹಿಂದಿನ ದಿನಕ್ಕಿಂತ ದೂರ ಎದ್ದು ಕಾಣುವಷ್ಟು ಕಡಿಮೆಯಾಗಿ, ಊತವೂ ಕಂಡರೆ ಅವತ್ತು ಜಿಗಿತ ಬಂದ್. ಫೋಟೋದಲ್ಲಿ ಟೇಪಿನ ಅಂಕಿ ಮತ್ತು ಹಿಮ್ಮಡಿ ಎರಡೂ ಕಾಣಬೇಕು, ಇಲ್ಲದಿದ್ದರೆ ಮತ್ತೊಂದು ಕೇಳುತ್ತೇನೆ.